ಸೌರದೀಪ: ಮಾರುವವರೂ ಕೊಳ್ಳುವವರೂ ಸೇರಿ ಕಟ್ಟಿದ ಮೌಲ್ಯ

ಸೌರ ಫಲಕವೊಂದು ಕಾರ್ಖಾನೆಯಿಂದ ಹೊರಬೀಳುವಾಗ ಅದಕ್ಕೊಂದು ದರ ನಿಗದಿಯಾಗಿರುತ್ತದೆ. ಅದೇ ಫಲಕ ಹಳ್ಳಿಮನೆಯ ಹೆಂಚಿನ ಮೇಲೇರಿ ಸಂಜೆ ದೀಪ ಬೆಳಗಿಸತೊಡಗಿದಾಗ ಮನೆಯವರ ಪಾಲಿಗೆ ಅದರ ಮೌಲ್ಯವೆಷ್ಟು ಎಂಬುದನ್ನು ದರಪಟ್ಟಿ ಹೇಳಲಾರದು. ದೀಪವನ್ನು ಎಲ್ಲಿ ತೂಗುಹಾಕಲಾಯಿತು, ಹಣವನ್ನು ಯಾವ ಕಂತಿನಲ್ಲಿ ಕಟ್ಟಲಾಯಿತು, ಕೆಟ್ಟಾಗ ರಿಪೇರಿಗೆ ಯಾರು ಬಂದರು ಎಂಬುದರ ಮೇಲೆ ಅದು ನಿಂತಿದೆ. ಹೀಗೆ ಮಾರಾಟಗಾರ ಮತ್ತು ಗ್ರಾಹಕ ಜತೆಗೂಡಿ ಸೃಷ್ಟಿಸುವ ಹೆಚ್ಚುವರಿ ಮೌಲ್ಯಕ್ಕೆ ಕರ್ನಾಟಕದ ಗ್ರಾಮೀಣ ಸೌರದೀಪಗಳ ಮೂರು ದಶಕಗಳ ಕಥೆ ಉತ್ತಮ ನಿದರ್ಶನ.

ಈ ಕಥೆಯಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರು ಸೆಲ್ಕೊ. ಐಐಟಿ ಖರಗಪುರದಲ್ಲಿ ಓದಿದ ಹರೀಶ್ ಹಂದೆ ಅವರು ಅಮೆರಿಕದ ನೆವಿಲ್ ವಿಲಿಯಮ್ಸ್ ಅವರೊಡನೆ 1995ರಲ್ಲಿ ಈ ಕಂಪನಿಯನ್ನು ಸ್ಥಾಪಿಸಿದರು. ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ದಿನಗಳಲ್ಲಿ ಡೊಮಿನಿಕನ್ ರಿಪಬ್ಲಿಕ್‌ಗೆ ಭೇಟಿ ನೀಡಿದ್ದ ಹಂದೆ, ಅಲ್ಲಿನ ಬಡ ಕುಟುಂಬಗಳು ಸ್ವಂತ ಹಣ ತೆತ್ತು ಸೌರದೀಪ ಬಳಸುತ್ತಿದ್ದುದನ್ನು ಕಂಡಿದ್ದರು. ಬಡವರಿಗೆ ಇಂಥ ತಂತ್ರಜ್ಞಾನವನ್ನು ಕೊಳ್ಳುವ ಶಕ್ತಿಯಿಲ್ಲ, ಅದನ್ನು ನಿಭಾಯಿಸಲು ಬಾರದು, ಬಡವರೊಂದಿಗೆ ವ್ಯಾಪಾರ ಗಿಟ್ಟದು ಎಂಬ ನಂಬಿಕೆಗಳನ್ನು ಸುಳ್ಳಾಗಿಸುವುದೇ ಕಂಪನಿಯ ಘೋಷಿತ ಉದ್ದೇಶವಾಗಿತ್ತು. ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ದಿನಕ್ಕೆ ಹತ್ತು ರೂಪಾಯಿ

ಸೌರದೀಪದ ಸಮಸ್ಯೆ ಅದರ ದುಬಾರಿತನವಲ್ಲ, ಹಣ ಕಟ್ಟಬೇಕಾದ ರೀತಿ ಎಂಬುದನ್ನು ಮಾರಾಟಗಾರರಿಗೆ ಕಲಿಸಿದವರು ಗ್ರಾಹಕರೇ. ತಿಂಗಳಿಗೆ 300 ರೂಪಾಯಿ ಎಂದರೆ ಹಿಂಜರಿಯುವ ಬೀದಿ ವ್ಯಾಪಾರಿ, ದಿನಕ್ಕೆ 10 ರೂಪಾಯಿ ಎಂದರೆ ಒಪ್ಪುತ್ತಾನೆ ಎಂಬ ಉದಾಹರಣೆಯನ್ನು ಹಂದೆ ಹಲವು ವೇದಿಕೆಗಳಲ್ಲಿ ನೀಡಿದ್ದಾರೆ. ಎರಡೂ ಲೆಕ್ಕ ಒಂದೇ. ಆದರೆ ದಿನದ ದುಡಿಮೆಯ ಮೇಲೆ ಬದುಕುವವನ ಕೈಯಲ್ಲಿ ತಿಂಗಳ ಕೊನೆಗೆ ಇಡಿಗಂಟು ಇರುವುದಿಲ್ಲ. ಸೀಮೆಎಣ್ಣೆ, ಮೇಣದಬತ್ತಿಗಳಿಗೂ ಆತ ಚಿಲ್ಲರೆಯಾಗಿಯೇ ಹಣ ಸುರಿಯುತ್ತಿದ್ದ.

ಕರಾವಳಿಯವರಿಗೆ ಇದು ಹೊಸ ಪಾಠವೇನಲ್ಲ. ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಷ್ಟು ಹಿಂದೆಯೇ ಮನೆಬಾಗಿಲಿಗೆ ತೆರಳಿ ದಿನದಿನದ ಉಳಿತಾಯ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಜಾರಿಗೆ ತಂದಿತ್ತು. (2020ರ ಏಪ್ರಿಲ್ 1ರಂದು ಈ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನಗೊಂಡಿತು.) ಸೌರದೀಪಕ್ಕೆ ಸಾಲ ನೀಡಲು ಮುಂದಾದವರಲ್ಲಿ ಇದೇ ಬ್ಯಾಂಕು ಹಾಗೂ ರಾಜ್ಯದ ಗ್ರಾಮೀಣ ಬ್ಯಾಂಕುಗಳು ಪ್ರಮುಖವಾದವು.

ಬ್ಯಾಂಕುಗಳ ಮನವೊಲಿಕೆ ಸುಲಭವಾಗಿರಲಿಲ್ಲ. ಹಸು ಕೊಂಡರೆ ಹಾಲು ಬರುತ್ತದೆ, ದೀಪ ಕೊಂಡರೆ ಬರುವ ಆದಾಯವೇನು ಎಂಬುದು ಸಾಲ ನೀಡುವವರ ಸಹಜ ಪ್ರಶ್ನೆ. ದೀಪ ಆರಿದರೆ ಕಂತೂ ನಿಲ್ಲುತ್ತದೆ ಎಂಬ ಭಯ ಬೇರೆ. ಆದ್ದರಿಂದ ಮಾರಾಟಗಾರನ ರಿಪೇರಿ ಸೇವೆಯೇ ಒಂದರ್ಥದಲ್ಲಿ ಬ್ಯಾಂಕಿನ ಭದ್ರತೆಯಾಯಿತು. ತಾಲ್ಲೂಕು ಮಟ್ಟದಲ್ಲಿ ಸೇವಾ ಕೇಂದ್ರಗಳನ್ನು ತೆರೆದು ಸ್ಥಳೀಯ ಯುವಕರನ್ನು ತಂತ್ರಜ್ಞರನ್ನಾಗಿ ನೇಮಿಸಿದ್ದರ ಹಿಂದೆ ಈ ಲೆಕ್ಕಾಚಾರವೂ ಇದೆ. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳ ಮೂಲಕ ಬಡ್ಡಿ ರಿಯಾಯಿತಿಯ ಸೌರ ಸಾಲ ಯೋಜನೆಯನ್ನು ಆರಂಭಿಸಿತು. ಸೆಲ್ಕೊ ಅಲ್ಲದೆ ಟಾಟಾ ಬಿಪಿ ಸೋಲಾರ್‌ನಂಥ ಕಂಪನಿಗಳೂ ಇದರಲ್ಲಿದ್ದವು. 2007ರಲ್ಲಿ ಯೋಜನೆ ಮುಗಿಯುವಷ್ಟರಲ್ಲಿ 18 ಸಾವಿರಕ್ಕೂ ಹೆಚ್ಚು ಮನೆಗಳು ಸಾಲ ಪಡೆದಿದ್ದವು. ಬಡ್ಡಿ ರಿಯಾಯಿತಿಯನ್ನು ಹಂತಹಂತವಾಗಿ ಇಳಿಸಿದ್ದು ಈ ಯೋಜನೆಯ ಜಾಣತನ. ಅದು ಮುಗಿಯುವ ಹೊತ್ತಿಗೆ ಬ್ಯಾಂಕುಗಳಿಗೆ ಸೌರ ಸಾಲ ರೂಢಿಯಾಗಿತ್ತು.

ಗ್ರಾಹಕನ ಪಾಲಿನ ಕೆಲಸ

ಮನೆಬೆಳಕಿನ ವ್ಯವಸ್ಥೆ ಸರಳವಾದದ್ದು. ಚಾವಣಿಯ ಮೇಲೊಂದು ಫಲಕ, ಒಳಗೊಂದು 12 ವೋಲ್ಟ್ ಬ್ಯಾಟರಿ, ನಡುವೆ ಚಾರ್ಜ್ ಕಂಟ್ರೋಲರ್, ನಾಲ್ಕಾರು ದೀಪ. ಇದರಲ್ಲಿ ಬೇಗ ಸಾಯುವುದು ಬ್ಯಾಟರಿ. ಬ್ಯಾಟರಿ ತೀರಾ ಬರಿದಾಗುವ ಮೊದಲೇ ಕಂಟ್ರೋಲರ್ ದೀಪಗಳನ್ನು ಆರಿಸಿಬಿಡುತ್ತದೆ. ಹಬ್ಬದ ರಾತ್ರಿ ಟಿವಿ ನಡುವೆ ನಿಂತಿತೆಂದು ಸಿಟ್ಟಾಗಿ ಕಂಟ್ರೋಲರನ್ನು ಬದಿಗೊತ್ತಿ ನೇರವಾಗಿ ತಂತಿ ಜೋಡಿಸಿದರೆ ಆ ಸಂಜೆ ಸುಖವಾಗಿ ಕಳೆದೀತು, ವರ್ಷಗಟ್ಟಲೆ ಬಾಳಬೇಕಾದ ಬ್ಯಾಟರಿ ಮಾತ್ರ ಬೇಗನೆ ಕೈಕೊಡುತ್ತದೆ. ಡಿಸ್ಟಿಲ್ಡ್ ವಾಟರ್ ತುಂಬುವುದು, ಫಲಕದ ಧೂಳು ಒರೆಸುವುದು, ಅದರ ಮೇಲೆ ತೆಂಗಿನ ಗರಿಯ ನೆರಳು ಬೀಳದಂತೆ ನೋಡಿಕೊಳ್ಳುವುದು - ಇವೆಲ್ಲ ಮನೆಯವರ ಕೈಯಲ್ಲಿವೆ. ಉಚಿತವಾಗಿ ಹಂಚಿದ ಯಾವ ದೀಪಕ್ಕೇ ಆಗಲಿ, ಈ ಆರೈಕೆಯನ್ನು ಕಲಿಸುವವರು ಹಿಂದೆ ಬರದಿದ್ದರೆ ಅದು ಹೆಚ್ಚು ದಿನ ಉರಿಯದು.

ಮಾರಾಟಗಾರನ ಪಾಲು ಕೇಳಿಸಿಕೊಳ್ಳುವುದು. ಮಲೆನಾಡಿನ ಮಳೆಗಾಲದಲ್ಲಿ ದಿನಗಟ್ಟಲೆ ಬಿಸಿಲು ಕಾಣುವುದಿಲ್ಲವಾದ್ದರಿಂದ ಅಲ್ಲಿಗೆ ಬಯಲುಸೀಮೆಯ ಲೆಕ್ಕದ ಬ್ಯಾಟರಿ ಸಾಲದು. ರೇಷ್ಮೆ ಸಾಕುವವರಿಗೆ ರಾತ್ರಿ ಹುಳುಗಳಿಗೆ ಸೊಪ್ಪು ಹಾಕಲು ಹೊಗೆಯಿಲ್ಲದ ಬೆಳಕು ಬೇಕು. ನಸುಕಿನಲ್ಲಿ ಹೂ ಬಿಡಿಸುವವರಿಗೆ, ಸೂಲಗಿತ್ತಿಯರಿಗೆ ಎರಡೂ ಕೈ ಬಿಡುವಾಗಿರಬೇಕು. ಅವರಿಗಾಗಿಯೇ ಹಣೆಗೆ ಕಟ್ಟಿಕೊಳ್ಳುವ ಸೌರದೀಪ ರೂಪುಗೊಂಡಿತು. ಇನ್ನೊಂದು ಪ್ರಯೋಗದಲ್ಲಿ ಫಲಕವನ್ನು ಶಾಲೆಯ ಮೇಲಿಟ್ಟು, ದೀಪವನ್ನು ಮಕ್ಕಳ ಮನೆಗೆ ಕೊಡಲಾಯಿತು. ಪುಟ್ಟ ಬ್ಯಾಟರಿಯನ್ನು ಶಾಲೆಗೆ ತಂದರೆ ಮಾತ್ರ ಚಾರ್ಜ್ ಆಗುತ್ತದೆ. ಮನೆಯಲ್ಲಿ ಬೆಳಕು ಬೇಕಿದ್ದರೆ ಮಗು ಶಾಲೆ ತಪ್ಪಿಸುವಂತಿಲ್ಲ!

2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ ಬಂದಾಗ ನಬಾರ್ಡ್ ಮೂಲಕ ಬಂಡವಾಳ ಸಬ್ಸಿಡಿ ದೊರೆಯಿತು. ಆದರೆ ಅದು ಅನುಮೋದಿತ ಮಾದರಿಗಳಿಗೆ ಮಾತ್ರ ಅನ್ವಯವಾಗುತ್ತಿತ್ತು. ಬೆಲೆ ಇಳಿಯಿತಾದರೂ, ಮನೆ ನೋಡಿ ದೀಪ ಜೋಡಿಸುವ ಪದ್ಧತಿಗೆ ಇದರಿಂದ ಅನುಕೂಲವಾಯಿತೆನ್ನಲಾಗದು.

ವಿದ್ಯುತ್ ತಂತಿ ಬಂದ ಮೇಲೆ

2017ರಲ್ಲಿ ಆರಂಭವಾದ ಕೇಂದ್ರದ ಸೌಭಾಗ್ಯ ಯೋಜನೆ ವಿದ್ಯುತ್ ತಂತಿಯನ್ನು ಉಳಿದ ಮನೆಗಳತ್ತ ಒಯ್ದಿತು. ಬರೀ ದೀಪಕ್ಕಿದ್ದ ಬೇಡಿಕೆಯ ಸ್ವರೂಪ ಬದಲಾಗಿ, ಹೊಲಿಗೆ ಯಂತ್ರ, ಹಾಲು ಕರೆಯುವ ಯಂತ್ರ, ಉತ್ತರ ಕರ್ನಾಟಕದಲ್ಲಿ ರೊಟ್ಟಿ ಲಟ್ಟಿಸುವ ಯಂತ್ರಗಳಿಗೆ ಸೌರಶಕ್ತಿ ಹೊಂದಿಸುವತ್ತ ಗಮನ ಹರಿಯಿತು. ದೀಪದ ಆದಾಯವೇನು ಎಂದು ಕೇಳಿದ್ದ ಬ್ಯಾಂಕಿನವರಿಗೆ ದಿನಕ್ಕೆಷ್ಟು ರೊಟ್ಟಿ ಎಂಬ ಲೆಕ್ಕ ಈಗ ಕಣ್ಣಿಗೆ ಕಾಣುತ್ತದೆ.

ನಗರದ ಗ್ರಾಹಕನ ಲೆಕ್ಕ ಬೇರೆ. ಆತನಿಗೆ ಚಾವಣಿ ಸೌರ ಘಟಕದ ಮೌಲ್ಯವೆಂದರೆ ಕರೆಂಟ್ ಬಿಲ್ಲಿನಲ್ಲಿ ಉಳಿಯುವ ಹಣ. 2024ರ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟ್ ಘಟಕಕ್ಕೆ 78 ಸಾವಿರ ರೂಪಾಯಿವರೆಗೆ ಸಬ್ಸಿಡಿ ಇದೆ. ಆದರೆ 2023ರಿಂದ ಜಾರಿಯಲ್ಲಿರುವ ರಾಜ್ಯದ ಗೃಹಜ್ಯೋತಿಯಿಂದಾಗಿ 200 ಯೂನಿಟ್ ಒಳಗಿನ ಅರ್ಹ ಮನೆಗಳಿಗೆ ಬಿಲ್ಲೇ ಬಾರದಿರುವಾಗ ಉಳಿತಾಯದ ಮಾತು ಹೇಳಿ ಫಲಕ ಮಾರುವುದು ಕಷ್ಟ. ಲಿಫ್ಟ್, ನೀರಿನ ಪಂಪ್‌ಗಳ ಬಿಲ್ಲನ್ನು ಹಂಚಿಕೊಂಡು ಕಟ್ಟುವ ಅಪಾರ್ಟ್‌ಮೆಂಟುಗಳ ವಿಷಯದಲ್ಲಿ ಹಾಗಿಲ್ಲ. ಅವುಗಳ ಸಂಘಗಳಿಗೆ ಇದೇ ಸೂರ್ಯಘರ್ ಯೋಜನೆ ಸಾಮಾನ್ಯ ಬಳಕೆಯ ಘಟಕಕ್ಕೆ ಪ್ರತಿ ಕಿಲೋವ್ಯಾಟ್‌ಗೆ 18 ಸಾವಿರ ರೂಪಾಯಿ ನೀಡುತ್ತದೆ.