‘ಜೀರೋ ಫೀ’ ಎಂದು ದುಬೈನಿಂದ ಭದ್ರಾವತಿಗೆ ಹಣ ಕಳಿಸಿದರೆ ನಿಜಕ್ಕೂ ಖರ್ಚಿಲ್ಲವೇ?

ದುಬೈ, ರಿಯಾದ್, ದೋಹಾಗಳಲ್ಲಿ ದುಡಿಯುವವರು ಶಿವಮೊಗ್ಗ, ಭದ್ರಾವತಿಯ ಮನೆಗಳಿಗೆ ಹಣ ಕಳಿಸುವ ಬಗ್ಗೆ ವಾಟ್ಸಾಪ್ ಗುಂಪುಗಳಲ್ಲಿ ಎರಡು ಬಗೆಯ ಸಂದೇಶಗಳು ಸುತ್ತುತ್ತಿರುತ್ತವೆ. ಒಂದು ಆಸೆ ಹುಟ್ಟಿಸುವಂಥದ್ದು: ಇಂಥ ಆ್ಯಪ್‌ನಲ್ಲಿ ಕಳಿಸಿದರೆ ಶುಲ್ಕವೇ ಇಲ್ಲ. ಇನ್ನೊಂದು ಹೆದರಿಸುವಂಥದ್ದು: ಹೊರದೇಶದಿಂದ ಬಂದ ಹಣಕ್ಕೆ ಸರ್ಕಾರ ಶೇ. 18 ಜಿಎಸ್‌ಟಿ, ಶೇ. 20 ತೆರಿಗೆ ಮುರಿದುಕೊಳ್ಳುತ್ತದೆ. ಎರಡರಲ್ಲೂ ಚೂರು ನಿಜ ಇದೆ. ಆದ್ದರಿಂದಲೇ ಜನ ಅವನ್ನು ನಂಬಿ ಮುಂದಕ್ಕೆ ಕಳಿಸುತ್ತಾರೆ.

ಶುಲ್ಕ ಇಲ್ಲದಿದ್ದರೆ ಅವರಿಗೆ ಲಾಭ ಎಲ್ಲಿಂದ?

ವಿನಿಮಯ ದರದಿಂದ. ಮಾರುಕಟ್ಟೆಯಲ್ಲಿ ದಿರಹಂಗೆ ಇರುವ ಬೆಲೆಗಿಂತ ಕೆಲವು ಪೈಸೆ ಕಡಿಮೆ ಕೊಟ್ಟು, ಆ ವ್ಯತ್ಯಾಸವನ್ನು ಕಂಪನಿ ಇಟ್ಟುಕೊಳ್ಳುತ್ತದೆ. ರಸೀದಿಯಲ್ಲಿ ಇದು ಶುಲ್ಕ ಎಂದು ಕಾಣುವುದಿಲ್ಲ.

ಇದನ್ನು ಪತ್ತೆ ಹಚ್ಚುವುದು ಸುಲಭ. 1997ರಿಂದ ಯುಎಇ ತನ್ನ ಹಣವನ್ನು ಡಾಲರಿಗೆ ಕಟ್ಟಿಹಾಕಿದೆ: 1 ಡಾಲರಿಗೆ 3.6725 ದಿರಹಂ. ಸೌದಿ ರಿಯಾಲ್ ಕೂಡ ಹಾಗೆಯೇ, 1 ಡಾಲರಿಗೆ 3.75. ಅಂದರೆ ಆ ದಿನದ ಡಾಲರ್ ಬೆಲೆಯನ್ನು 3.6725ರಿಂದ ಭಾಗಿಸಿದರೆ ದಿರಹಂನ ನಿಜವಾದ ಬೆಲೆ ಸಿಗುತ್ತದೆ. ಡಾಲರ್ 88 ರೂಪಾಯಿ ಇದೆ ಎಂದುಕೊಳ್ಳಿ. ಆಗ ದಿರಹಂ ಸುಮಾರು 23.96 ರೂಪಾಯಿ.

ಈಗ 4,000 ದಿರಹಂ ಕಳಿಸಬೇಕು. ಮೊದಲ ಎಕ್ಸ್‌ಚೇಂಜ್ ಹೌಸ್ 20 ದಿರಹಂ ಶುಲ್ಕ ತೆಗೆದುಕೊಂಡು 23.85 ದರ ಕೊಡುತ್ತದೆ. ಎರಡನೆಯದು ‘ಜೀರೋ ಫೀ’, ಆದರೆ ದರ 23.60. (ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ಇಂದಿನ ದರ ಅಲ್ಲ.) ಮೊದಲನೆಯದರಲ್ಲಿ ಮನೆಗೆ 94,923 ರೂಪಾಯಿ ಬರುತ್ತದೆ, ಎರಡನೆಯದರಲ್ಲಿ 94,400. ಶುಲ್ಕವಿಲ್ಲದ ದಾರಿಯಲ್ಲೇ 523 ರೂಪಾಯಿ ಕಡಿಮೆ. ಪ್ರತಿ ತಿಂಗಳು ಹೀಗಾದರೆ ವರ್ಷಕ್ಕೆ 6,276 ರೂಪಾಯಿ. ಎಂಪಿಎಂ ಕಾಗದ ಕಾರ್ಖಾನೆ 2015ರಲ್ಲೇ ಉತ್ಪಾದನೆ ನಿಲ್ಲಿಸಿದ ಭದ್ರಾವತಿಯಂಥ ಊರಿನಲ್ಲಿ, ಹೊರಗಿನ ದುಡಿಮೆಯನ್ನೇ ನೆಚ್ಚಿಕೊಂಡ ಮನೆಗೆ ಇದು ಸಣ್ಣ ಮೊತ್ತವಲ್ಲ.

ಹಾಗಂತ ‘ಜೀರೋ ಫೀ’ ಎಲ್ಲವೂ ಮೋಸ ಎಂದು ಇನ್ನೊಂದು ಫಾರ್ವರ್ಡ್ ಮಾಡಬೇಡಿ. ಇದೇ ದರಗಳಲ್ಲಿ ಬರೀ 500 ದಿರಹಂ ಕಳಿಸಿದರೆ ಮೊದಲನೆಯದರಲ್ಲಿ 11,448, ಎರಡನೆಯದರಲ್ಲಿ 11,800 ರೂಪಾಯಿ ಬರುತ್ತದೆ. ಇಲ್ಲಿ ಶುಲ್ಕವಿಲ್ಲದ್ದೇ ವಾಸಿ. ನಿಗದಿತ ಶುಲ್ಕ ಸಣ್ಣ ಮೊತ್ತಕ್ಕೆ ಹೊರೆ, ಕೆಟ್ಟ ದರ ದೊಡ್ಡ ಮೊತ್ತಕ್ಕೆ ಹೊರೆ. ನಮ್ಮ ಉದಾಹರಣೆಯಲ್ಲಿ ಸುಮಾರು 1,900 ದಿರಹಂ ದಾಟಿದ ಮೇಲೆ ಲೆಕ್ಕ ತಿರುಗುತ್ತದೆ. ಆದ್ದರಿಂದ ಕಳಿಸುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇಷ್ಟು ಕೊಟ್ಟರೆ ಖಾತೆಗೆ ಎಷ್ಟು ರೂಪಾಯಿ ಬೀಳುತ್ತದೆ?

ಬ್ಯಾಂಕಿನಿಂದ ಬ್ಯಾಂಕಿಗೆ ಸ್ವಿಫ್ಟ್ ಮೂಲಕ ಕಳಿಸುವಾಗ ಈ ಪ್ರಶ್ನೆ ಇನ್ನೂ ಮುಖ್ಯ. ನಡುವಿನ ಬ್ಯಾಂಕುಗಳೂ ತಮ್ಮ ಪಾಲು ಹಿಡಿದುಕೊಳ್ಳಬಹುದು. ಸಿಂಗಪುರದಲ್ಲಿರುವವರಿಗೆ ಇನ್ನೊಂದು ದಾರಿಯಿದೆ: ಅಲ್ಲಿನ ಪೇನೌ ಮತ್ತು ನಮ್ಮ ಯುಪಿಐ 2023ರ ಫೆಬ್ರವರಿ 21ರಿಂದ ಜೋಡಣೆಯಾಗಿವೆ. ದಿನದ ಮಿತಿ 1,000 ಸಿಂಗಪುರ ಡಾಲರ್.

ಶೇ. 18 ಜಿಎಸ್‌ಟಿಯ ಕಥೆ

ಜಿಎಸ್‌ಟಿ ಇದೆ, ಆದರೆ ಬಂದ ಹಣದ ಮೇಲೆ ಅಲ್ಲ. ವಿದೇಶಿ ಹಣವನ್ನು ರೂಪಾಯಿಗೆ ಬದಲಿಸಿಕೊಡುವ ಸೇವೆಯ ಮೇಲೆ. 1 ಲಕ್ಷದವರೆಗೆ ಆ ಸೇವೆಯ ಬೆಲೆಯನ್ನು ಮೊತ್ತದ ಶೇ. 1 ಎಂದು, ಕನಿಷ್ಠ 250 ರೂಪಾಯಿ ಎಂದು ಹಿಡಿಯುತ್ತಾರೆ. ಅದರ ಮೇಲೆ ಶೇ. 18. ಹಾಗಾಗಿ 1 ಲಕ್ಷ ರೂಪಾಯಿ ಬಂದರೆ ಜಿಎಸ್‌ಟಿ 180 ರೂಪಾಯಿ, ಫಾರ್ವರ್ಡ್ ಹೇಳುವ 18,000 ಅಲ್ಲ. 25,000ದವರೆಗೆ 45 ರೂಪಾಯಿ. ಎಕ್ಸ್‌ಚೇಂಜ್ ಹೌಸ್ ರೂಪಾಯಿಯಲ್ಲೇ ಕಳಿಸಿದಾಗ ಮನೆಯವರ ಪಾಸ್‌ಬುಕ್‌ನಲ್ಲಿ ಸಾಮಾನ್ಯವಾಗಿ ಈ ಕಡಿತವೂ ಕಾಣುವುದಿಲ್ಲ.

ಶೇ. 20ರ ಟಿಸಿಎಸ್ ಉಲ್ಟಾ ದಿಕ್ಕಿನದು. ಅದು ಭಾರತದಿಂದ ಹೊರಗೆ ಕಳಿಸುವ ಹಣಕ್ಕೆ, ಅದೂ ಕೆಲವು ಉದ್ದೇಶಗಳಿಗೆ ಮಾತ್ರ. ಇನ್ನು ಗಂಡ, ಮಗ, ಮಗಳು, ಅಣ್ಣತಮ್ಮಂದಿರು ಮನೆಖರ್ಚಿಗೆ ಕಳಿಸಿದ ಹಣ ಎಷ್ಟೇ ಇದ್ದರೂ ಪಡೆದವರ ಆದಾಯವಲ್ಲ. ಅದನ್ನು ಠೇವಣಿ ಇಟ್ಟು ಬಂದ ಬಡ್ಡಿ ಮಾತ್ರ ಆದಾಯ. ಸ್ನೇಹಿತರು ಕೊಟ್ಟದ್ದು ವರ್ಷಕ್ಕೆ 50,000 ದಾಟಿದರೆ ಲೆಕ್ಕ ಬೇರೆ.

ಅಮೆರಿಕದಿಂದ ಕಳಿಸುವ ಹಣಕ್ಕೆ ಶೇ. 5 ತೆರಿಗೆ ಎಂಬ ಹಳೆಯ ಸಂದೇಶವೂ ಇನ್ನೂ ಓಡಾಡುತ್ತಿದೆ. ಶೇ. 5 ಎಂಬುದು 2025ರ ಮಸೂದೆಯ ಮೊದಲ ಕರಡಿನಲ್ಲಿತ್ತು. ಕಾನೂನಾಗುವ ಹೊತ್ತಿಗೆ ಅದು ಶೇ. 1ಕ್ಕೆ ಇಳಿಯಿತು. 2026ರ ಜನವರಿ 1ರಿಂದ ನಗದು, ಮನಿ ಆರ್ಡರ್‌ನಂಥ ರೂಪದಲ್ಲಿ ಕೊಟ್ಟು ಕಳಿಸಿದರೆ ಮಾತ್ರ ಅನ್ವಯ. ಅಲ್ಲಿನ ಬ್ಯಾಂಕ್ ಖಾತೆಯಿಂದ ಅಥವಾ ಅಲ್ಲಿನ ಡೆಬಿಟ್, ಕ್ರೆಡಿಟ್ ಕಾರ್ಡಿನಿಂದ ಕಳಿಸಿದರೆ ಇಲ್ಲ.

ಎಲ್ಲಕ್ಕಿಂತ ಒಳ್ಳೆಯ ರೇಟು ಕೊಡುವವರು

ಮಾರುಕಟ್ಟೆಗಿಂತಲೂ ಹೆಚ್ಚು ದರ, ಅರ್ಧ ಗಂಟೆಯಲ್ಲಿ ಹಣ ಎನ್ನುವ ‘ಪರಿಚಯದವರು’ ಇರುತ್ತಾರಲ್ಲ, ಅದು ಹವಾಲಾ. ಫೆಮಾ ಕಾಯ್ದೆ 1999ರ ಪ್ರಕಾರ ಹೊರದೇಶದವರ ಪರವಾಗಿ ಬರುವ ಹಣವನ್ನು ಅಧಿಕೃತ ಮಾರ್ಗ ಬಿಟ್ಟು ಪಡೆಯುವುದೂ ತಪ್ಪು. ದಂಡ ಆ ಮೊತ್ತದ ಮೂರು ಪಟ್ಟಿನವರೆಗೆ ಹೋಗಬಹುದು. ಕಳಿಸಿದವನು ದುಬೈನಲ್ಲಿರುತ್ತಾನೆ, ಉತ್ತರ ಕೊಡಬೇಕಾದವರು ಭದ್ರಾವತಿಯ ಅಮ್ಮ.

ಈಗ ಇನ್ನೊಂದು ಅಪಾಯ ಸೇರಿದೆ. ಹವಾಲಾದವರು ನಗದು ತಂದುಕೊಡುವ ಬದಲು ಯಾರದೋ ಖಾತೆಯಿಂದ ಮನೆಯವರ ಖಾತೆಗೆ ಹಣ ಹಾಕಿಸುತ್ತಾರೆ. ಅದು ಸೈಬರ್ ವಂಚನೆಯಲ್ಲಿ ಯಾರೋ ಕಳೆದುಕೊಂಡ ಹಣವಾಗಿದ್ದು, ಅವರು 1930ಕ್ಕೆ ದೂರು ಕೊಟ್ಟಿದ್ದರೆ, ಹಣದ ಜಾಡು ಹಿಡಿದು ಬಂದ ಪೊಲೀಸರು ನಿಮ್ಮ ಖಾತೆಯನ್ನೂ ತಡೆಹಿಡಿಸಬಹುದು. ಬಿ.ಎಚ್. ರಸ್ತೆಯ ನಿಮ್ಮ ಬ್ಯಾಂಕ್ ಶಾಖೆಯಲ್ಲಿ ಅದು ಬಗೆಹರಿಯುವುದಿಲ್ಲ, ದೂರು ದಾಖಲಾದ ಬೇರೆ ರಾಜ್ಯದ ಠಾಣೆಗೂ ಬರೆದುಕೊಳ್ಳಬೇಕಾದೀತು. ಪಾಸ್‌ಬುಕ್‌ನಲ್ಲಿ ಗುರುತಿಲ್ಲದ ವ್ಯಕ್ತಿಯ ಹೆಸರಿನಿಂದ ‘ಮಗ ಕಳಿಸಿದ ಹಣ’ ಬಂದಿದ್ದರೆ, ಯಾವ ಮಾರ್ಗದಲ್ಲಿ ಕಳಿಸಿದ್ದು ಎಂದು ಆ ದಿನವೇ ಫೋನ್ ಮಾಡಿ ಕೇಳಿ, ರಸೀದಿಯ ಫೋಟೋ ತರಿಸಿಕೊಳ್ಳಿ.