ದೀವದ ಬಾತು

2011ರ ಬೇಸಿಗೆಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಮೇರಿಲ್ಯಾಂಡಿಗೆ ಹೋದ ನಾನು ಅಲ್ಲಿಂದ ಮರದ ಬಾತುಕೋಳಿ ಕೆತ್ತುವುದನ್ನು ಕಲಿತು ಬಂದೆ ಎಂದರೆ ನಮ್ಮ ಮಹಿಳಾ ಸಮಾಜದವರು ಈಗಲೂ ನಗುತ್ತಾರೆ. "ಅಂಟಿನುಂಡೆ ಕಟ್ಟಲಿಕ್ಕೆ ಹೋದವರು ಉಳಿ ಹಿಡಿದಿರಲ್ಲ ಟೀಚರೇ" ಎನ್ನುತ್ತಾರೆ. ನಗಲಿ. ಆ ಬಾತಿನ ಹಿಂದೆ ದೊಡ್ಡದೊಂದು ಕಥೆಯಿದೆ. ಅದರ ಪಕ್ಕದಲ್ಲಿ ನನ್ನದೊಂದು ಸಣ್ಣ ಕಥೆಯೂ ಇದೆ.

ನನ್ನ ಅಪ್ಪಯ್ಯ ಮಲೆನಾಡಿನ ಪೇಟೆಯೊಂದರಲ್ಲಿ ಮರಗೆಲಸದ ಆಚಾರಿ. ಬಾಗಿಲು, ತೊಟ್ಟಿಲು, ಹಸೆಮಣೆ, ದೇವರ ಮಂಟಪ ಎಲ್ಲವನ್ನೂ ಮಾಡುತ್ತಿದ್ದರು. ಇಬ್ಬರು ಅಣ್ಣಂದಿರಿಗೆ ಚಿಕ್ಕಂದಿನಲ್ಲೇ ಉಳಿ, ಕೊಡತಿ ಕೈಗೆ ಬಂದವು. ನನ್ನ ಪಾಲಿಗೆ ಬಂದದ್ದು ಸರೇಸು ಕಾಯಿಸುವುದು, ಸ್ಯಾಂಡ್ ಪೇಪರ್ ಉಜ್ಜುವುದು, ಕೊನೆಗೆ ಬಣ್ಣ ಬಳಿಯುವುದು. ಒಮ್ಮೆ ಯಾರೂ ಇಲ್ಲದಾಗ ಉಳಿ ಎತ್ತಿಕೊಂಡಿದ್ದೆ. "ಹೆಣ್ಣುಮಕ್ಕಳ ಕೈಗೆ ಇದಲ್ಲ" ಎಂದು ಅಪ್ಪಯ್ಯ ಮೆತ್ತಗೆ ಕಿತ್ತುಕೊಂಡರು. ಹೊಡೆಯಲಿಲ್ಲ, ಬೈಯಲಿಲ್ಲ. ಓದಿಸಿದರು, ಕನ್ನಡ ಟೀಚರಾದೆ. ಉಳಿಯ ವಿಷಯ ಮರೆತೇಬಿಟ್ಟೆ ಎಂದುಕೊಂಡಿದ್ದೆ.

ಮಗುವಿಗೆ ಮೂರು ತಿಂಗಳು ತುಂಬಿದ ಮೇಲೆ ಅಳಿಯಂದಿರು ಒಂದು ಶನಿವಾರ ನಮ್ಮನ್ನೆಲ್ಲ ಹ್ಯಾವರ್ ಡಿ ಗ್ರೇಸ್ ಎಂಬ ಊರಿಗೆ ಕರೆದುಕೊಂಡು ಹೋದರು. ಸಸ್ಕ್ವೆಹಾನಾ ನದಿ ಚೆಸಪೀಕ್ ಕೊಲ್ಲಿಯನ್ನು ಸೇರುವ ಜಾಗ ಅದು. ಅಲ್ಲಿ 1986ರಲ್ಲಿ ಆರಂಭವಾದ ಒಂದು ವಸ್ತುಸಂಗ್ರಹಾಲಯವಿದೆ. ಒಳಗೆ ಎಲ್ಲಿ ನೋಡಿದರೂ ಮರದ ಬಾತುಗಳು. ಮಕ್ಕಳ ಆಟಿಕೆ ಎಂದುಕೊಂಡೆ. "ಆಟಿಕೆ ಅಲ್ಲ ಅತ್ತೆ, ಇವು ಡಿಕಾಯ್. ಇದನ್ನು ನೀರಿನಲ್ಲಿ ತೇಲಿಬಿಟ್ಟರೆ ನಿಜವಾದ ಬಾತುಗಳು ತಮ್ಮವರೇ ಎಂದು ಕೆಳಗಿಳಿಯುತ್ತವೆ. ಆಗ ಗುಂಡು ಹೊಡೆಯುವುದು" ಎಂದರು ಅಳಿಯಂದಿರು. ನನಗೆ ಹೊಟ್ಟೆ ತೊಳಸಿದಂತಾಯಿತು. ಎಷ್ಟು ಚೆಂದದ ಕೈಕೆಲಸ, ಎಂಥ ಮೋಸಕ್ಕೆ!

ಹಾಗೆಂದುಕೊಂಡ ಮರುಗಳಿಗೆಯಲ್ಲೇ ಹಳಗನ್ನಡದ ಮಾತೊಂದು ನೆನಪಾಯಿತು: ದೀವ. ಬೇಟೆಯಲ್ಲಿ ತನ್ನ ಜಾತಿಯ ಪ್ರಾಣಿಗಳನ್ನು ಸೆಳೆಯಲು ಬಳಸುವ ಪಳಗಿದ ಮೃಗವೋ ಹಕ್ಕಿಯೋ ದೀವ. ದೀಹ ಎಂದೂ ಹೇಳುವುದುಂಟು. ನಮ್ಮವರಿಗೆ ಈ ಉಪಾಯಕ್ಕೆ ಹೆಸರೇ ಇದ್ದಮೇಲೆ ಬೇರೆಯವರನ್ನು ದೂರಿ ಏನು ಫಲ?

ಅಲ್ಲಿ ಕಿಟಕಿಯ ಪಕ್ಕ ಕೂತು ಕೆತ್ತಿ ತೋರಿಸುತ್ತಿದ್ದ ಅಜ್ಜನೊಬ್ಬರು ನನಗೆ ಈ ಕಥೆಯನ್ನೆಲ್ಲ ಬಿಡಿಸಿ ಹೇಳಿದರು. ಇದು ಬಿಳಿಯರು ಕಂಡುಹಿಡಿದ ವಿದ್ಯೆಯಲ್ಲ. 1924ರಲ್ಲಿ ನೆವಾಡಾದ ಲವ್‌ಲಾಕ್ ಗುಹೆಯನ್ನು ಅಗೆದಾಗ ಜತನವಾಗಿ ಹೂತಿಟ್ಟ 11 ಬಾತುಗಳು ಸಿಕ್ಕಿದವು. ಜೊಂಡುಹುಲ್ಲನ್ನು ಕಟ್ಟಿ, ಬಣ್ಣ ಹಚ್ಚಿ, ಗರಿ ಸಿಕ್ಕಿಸಿ ಅಲ್ಲಿನ ಮೂಲನಿವಾಸಿಗಳು ಮಾಡಿದ್ದ ಅವಕ್ಕೆ ಸುಮಾರು 2000 ವರ್ಷಗಳ ವಯಸ್ಸು. ಕೆರೆಯ ದಂಡೆಯಲ್ಲಿ ಬೆಳೆದದ್ದು ಜೊಂಡು. ಬಾತು ಮಾಡಿದ್ದೂ ಜೊಂಡಿನಲ್ಲೇ. ವಲಸೆ ಬಂದ ಬಿಳಿಯರ ಸುತ್ತಮುತ್ತ ಪೈನ್, ಸೀಡರ್ ಮರಗಳಿದ್ದವು. ಅವರು ಮರದಲ್ಲಿ ಮಾಡಿದರು.

19ನೆಯ ಶತಮಾನದಲ್ಲಿ ರೈಲು ಬಂತು. ಈ ಕೊಲ್ಲಿಯ ಕ್ಯಾನ್ವಾಸ್‌ಬ್ಯಾಕ್ ಎಂಬ ಕೆಂಪು ತಲೆಯ ಬಾತಿಗೆ ದೊಡ್ಡ ಊರುಗಳ ಹೋಟೆಲುಗಳಲ್ಲಿ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಬೇಟೆಗಾರ ನೀರಿನ ಮಟ್ಟಕ್ಕೆ ಮುಳುಗಿದ ಪೆಟ್ಟಿಗೆಯಲ್ಲಿ ಅಂಗಾತ ಮಲಗುತ್ತಿದ್ದ. ಸುತ್ತ ನೂರಾರು ಮರದ ಬಾತುಗಳು. ಹಕ್ಕಿಗಳನ್ನು ಸಂತೆಯ ಸರಕಿನಂತೆ ಪೀಪಾಯಿಗಳಲ್ಲಿ ತುಂಬಿ ಕಳಿಸಿದರು. ಆಕಾಶವೇ ಬರಿದಾಗುವ ಹೊತ್ತಿಗೆ ಸರ್ಕಾರಕ್ಕೆ ಎಚ್ಚರವಾಗಿ 1918ರಲ್ಲಿ ವಲಸೆ ಹಕ್ಕಿಗಳ ಕಾಯಿದೆ ಬಂತು. ಮಾರಾಟಕ್ಕಾಗಿ ಬೇಟೆಯಾಡುವುದು ನಿಂತಿತು. 1935ರಲ್ಲಿ ಆ ಪೆಟ್ಟಿಗೆಯನ್ನೂ ಜೀವಂತ ದೀವದ ಬಾತುಗಳನ್ನೂ ನಿಷೇಧಿಸಿದರು. ಮರದ ಬಾತು ಮಾತ್ರ ಉಳಿಯಿತು. ಅದರ ಅಂದವನ್ನು ಕಂಡು 1934ರಲ್ಲೇ ಜೋಯೆಲ್ ಬಾರ್ಬರ್ ಎಂಬವರು ಪುಸ್ತಕ ಬರೆದಿದ್ದರು. ನಿಧಾನವಾಗಿ ಅದು ನೀರಿನಿಂದ ಷೋಕೇಸಿಗೆ ಬಂತು.

"ಇದನ್ನೆಲ್ಲ ಕಲಿಸುವ ಶಾಲೆ ಎಲ್ಲಿತ್ತು?" ಎಂದೆ. ಟೀಚರ್ ಬುದ್ಧಿ ನೋಡಿ! ಅಜ್ಜ ನಕ್ಕರು. ಆ ಊರಿನ ದೊಡ್ಡ ಗುರು ಮ್ಯಾಡಿಸನ್ ಮಿಚೆಲ್ (1901–1993) ಶವಸಂಸ್ಕಾರದ ವ್ಯವಸ್ಥೆ ನೋಡಿಕೊಳ್ಳುವ ಕಸುಬಿನವರು. ಬಿಡುವಿನಲ್ಲಿ ಬಾತು ಮಾಡುತ್ತಿದ್ದರು. ಅವರ ಷೆಡ್ಡಿನಲ್ಲಿ ಕೈಯಾಳಾಗಿ ನಿಂತ ಎಷ್ಟೋ ಹುಡುಗರು ಮುಂದೆ ಹೆಸರಾದರು. ಕೊಲ್ಲಿಯ ದಕ್ಷಿಣದ ಕ್ರಿಸ್‌ಫೀಲ್ಡಿನ ಲೆಮ್ ಮತ್ತು ಸ್ಟೀವ್ ವಾರ್ಡ್ ಸೋದರರದು ಕ್ಷೌರದಂಗಡಿ. ಶಾಲೆಯೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಬಲ್ಲವರ ಪಕ್ಕದಲ್ಲಿ ನಿಲ್ಲುವುದೇ ಪಾಠ. ನಮ್ಮ ಅಪ್ಪಯ್ಯನ ಕೊಟ್ಟಿಗೆಯೂ ಹಾಗೇ ಇತ್ತಲ್ಲ ಎನ್ನಿಸಿತು. ಪಕ್ಕದಲ್ಲಿ ನಿಲ್ಲಲು ನನಗೆ ಮಾತ್ರ ಅಪ್ಪಣೆಯಿರಲಿಲ್ಲ.

ಮನೆಗೆ ಬಂದವಳೇ ಮಗಳಿಗೆ, "ನಾನೂ ಒಂದು ಮಾಡಿ ನೋಡ್ತೀನಿ ಕಣೇ" ಎಂದೆ. "ಅಮ್ಮ, ಐವತ್ತೊಂಬತ್ತು ವರ್ಷಕ್ಕೆ ಕೈ ಕುಯ್ದುಕೋಬೇಡ" ಎಂದಳು. ಆದರೂ ಅಳಿಯಂದಿರು ಕಟ್ಟಡ ಸಾಮಾನಿನ ಅಂಗಡಿಯಿಂದ ಪೈನ್ ಹಲಗೆಯ ತುಂಡು ತಂದುಕೊಟ್ಟರು. ಗಂಟು ಬಂದಲ್ಲಿ ಚಾಕು ನಿಂತುಹೋಗುತ್ತಿತ್ತು, ಅಂಟು ಕೈಗೆ ಮೆತ್ತಿಕೊಳ್ಳುತ್ತಿತ್ತು. ಹೇಗೋ ತಲೆಯೊಂದನ್ನು ರೂಪಿಸಿದೆ. ಕೊಕ್ಕು ತೀಡುವಾಗ ಬಿಸ್ಕತ್ತಿನ ಹಾಗೆ ಲಟಕ್ಕನೆ ಮುರಿಯಿತು.

ಮುಂದಿನ ಶನಿವಾರ ಮುರಿದ ಕೊಕ್ಕನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಅಜ್ಜನ ಮುಂದೆ ಬಿಚ್ಚಿದೆ. ಅವರು ಕೇಳಿದ್ದು ಒಂದೇ ಮಾತು: "ನಾರು ಯಾವ ಕಡೆಗಿತ್ತು?" ಮರದ ನಾರು ಕೊಕ್ಕಿಗೆ ಅಡ್ಡಲಾಗಿತ್ತು, ಮುರಿಯದೆ ಏನಾದೀತು? ತಲೆಯಲ್ಲಿ ನಾರು ಕೊಕ್ಕಿನ ಉದ್ದಕ್ಕೆ ಓಡಬೇಕು, ಒಡಲಿನಲ್ಲಿ ಎದೆಯಿಂದ ಬಾಲಕ್ಕೆ. ಅದಕ್ಕೇ ತಲೆ, ಒಡಲು ಬೇರೆ ಬೇರೆ ಮಾಡಿ ಕೂಡಿಸುವುದು. ಮರ ಚೆನ್ನಾಗಿ ಒಣಗಿರಬೇಕು, ಹಸಿಯಿದ್ದರೆ ಆಮೇಲೆ ಬಿರುಕು ಬಿಡುತ್ತದೆ. ನೀರಿಗೆ ಬಿಡುವ ಬಾತಿಗೆ ಸೀಡರ್, ಬಿಳಿ ಪೈನ್ ಒಳ್ಳೆಯವು. ಲೂಸಿಯಾನಾದ ಜವುಗಿನಲ್ಲಿ ಬೆಳೆಯುವ ಟುಪೆಲೊ ಮರದ ಬುಡದ ಭಾಗ ಗರಿಯ ನವುರು ಕೆಲಸಕ್ಕೆ ಹೇಳಿ ಮಾಡಿಸಿದ್ದು. ಹೊಸದಾಗಿ ಕಲಿಯುವವರಿಗೆ ಬ್ಯಾಸ್‌ವುಡ್. ಮೆತ್ತಗೆ, ಒಂದೇ ಸಮನಾಗಿ, ಗಂಟಿಲ್ಲದೆ ಇರುತ್ತದೆ. ಹೇಳುವುದಷ್ಟೇ ಅಲ್ಲ, ತಮ್ಮ ರಾಶಿಯಿಂದ ಒಂದು ತುಂಡನ್ನು ಎತ್ತಿ ಕೊಟ್ಟೂಬಿಟ್ಟರು.

ನಾನು ಕೊಂಚ ಅಳುಕಿ, "ಹೆಂಗಸರು ಈ ಕೆಲಸ ಮಾಡಿದ್ದುಂಟೇ?" ಎಂದು ಕೇಳಿದೆ. ಅದಕ್ಕೆ ಅವರು ಇಲಿನಾಯ್ ನದಿಯ ಕಡೆಯ ಕಥೆ ಹೇಳಿದರು. ಅಲ್ಲಿ ರಾಬರ್ಟ್ ಎಲಿಸ್ಟನ್ ಬಾತು ಕೆತ್ತಿದರೆ ಹೆಂಡತಿ ಕ್ಯಾಥರೀನ್ ಬಣ್ಣ ಹಾಕುತ್ತಿದ್ದಳಂತೆ. ಗಂಡ ತೀರಿಕೊಂಡ ಮೇಲೆ ಬೇರೊಬ್ಬ ಕೆತ್ತನೆಗಾರನ ಬಾತುಗಳಿಗೂ ಬಣ್ಣ ಹಾಕಿದಳು. ಹೆನ್ರಿ ಎಂಬ ಊರಿನ ಚಾರ್ಲ್ಸ್ ಪರ್ಡ್ಯೂ ಕೆತ್ತಿದ ಅನೇಕ ಬಾತುಗಳ ಗರಿಗೆ ಜೀವ ಬಂದದ್ದು ಹೆಂಡತಿ ಎಡ್ನಾಳ ಕುಂಚದಿಂದ. ಬಾತಿಗೆ ಮಾತ್ರ ಗಂಡಂದಿರ ಹೆಸರು. ಆ ಹೆಂಗಸರನ್ನು ಸಂಗ್ರಾಹಕರು ಗುರುತಿಸಿದ್ದು ಎಷ್ಟೋ ಕಾಲದ ಮೇಲೆ.

ಕೇಳುತ್ತ ಕೇಳುತ್ತ ನನ್ನ ಗಂಟಲು ಕಟ್ಟಿತು. ಅಪ್ಪಯ್ಯನ ದೇವರ ಮಂಟಪಗಳು ಕಣ್ಣ ಮುಂದೆ ಬಂದವು. ಆಚಾರ್ರ ಕೆಲಸ ಎಂದು ಜನ ಹೊಗಳುತ್ತಿದ್ದ ಆ ಮಂಟಪಗಳ ಬಳ್ಳಿ, ಎಲೆಗಳಿಗೆಲ್ಲ ಬಣ್ಣ ಹಾಕಿದವಳು ನಾನೇ. ಅದನ್ನು ನಾನು ಕೂಡ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎರಡು ತಿಂಗಳು, ಮಗು ಮಲಗಿದಾಗಲೆಲ್ಲ ಕೆತ್ತಿದೆ. ಕೈ ಎರಡು ಸಲ ಕುಯ್ದುಕೊಂಡೆ. ಮಗಳಿಗೆ ಹೇಳಿದ್ದು ಒಂದೇ ಸಲ. ಬಣ್ಣ ಒಣಗಿದ ಮೇಲೆ ಮೊಮ್ಮಗಳನ್ನು ಮೀಯಿಸುವ ಟಬ್ಬಿನಲ್ಲಿ ತೇಲಿಬಿಟ್ಟೆ. ಬಾತು ಕುಡಿದವರ ಹಾಗೆ ಎಡಕ್ಕೆ ವಾಲಿತು. ಅಡಿಗೆ ಸೀಸದ ತುಂಡು ಬಡಿದು ತೂಕ ಸರಿಮಾಡುವುದನ್ನೂ ಅಜ್ಜನೇ ತೋರಿಸಿದರು. ಅಡಿಯಲ್ಲಿ ಹೆಸರು ಬರೆಯಬೇಕು ಎಂದರು. ಕನ್ನಡದಲ್ಲೇ ಬರೆದೆ.

ಊರಿಗೆ ಬಂದು ನವರಾತ್ರಿಗೆ ಅದನ್ನು ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದೆ. ಆರತಿಗೆ ಬಂದ ದೊಡ್ಡಣ್ಣ ಎತ್ತಿ, ತಿರುಗಿಸಿ, ಬೆರಳಿನಿಂದ ನಾರು ಸವರಿ ನೋಡಿದ. ಏನೂ ಅನ್ನಲಿಲ್ಲ. ವಾರದ ಮೇಲೆ ಮತ್ತೆ ಬಂದಾಗ ಅವನ ಚೀಲದಲ್ಲಿ ಒಣಗಿದ ಶಿವನೆ ಮರದ ತುಂಡೊಂದಿತ್ತು, ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿದ ಅಪ್ಪಯ್ಯನ ಸಣ್ಣ ಉಳಿಯೂ ಇತ್ತು. "ಹಗುರ ಮರ, ಬೇಗ ಬಿರಿಯೋದಿಲ್ಲ. ಉಳಿಗೆ ಸಾಣೆ ಹಿಡಿದಿದ್ದೀನಿ, ಹುಷಾರು" ಎಂದ. ನಾನು ಕಾಫಿಗೆ ನೀರಿಡಲು ಒಳಗೆ ಹೋದೆ. ಒಲೆಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.