ಬುದ್ಧಿ ಹಲ್ಲು, ಬಾವು ಮತ್ತು ನೂರೆಂಬತ್ತು ವರ್ಷದ ಕಥೆ

ಅರಿವಳಿಕೆಯ ಚರಿತ್ರೆಯಲ್ಲಿ ಒಂದು ಬುದ್ಧಿ ಹಲ್ಲಿಗೆ ದೊಡ್ಡ ಪಾತ್ರ ಇದೆ ಅಂದರೆ ನಂಬ್ತೀರಾ? ಅಮೆರಿಕದ ಹಾರ್ಟ್‌ಫರ್ಡ್ ಊರಲ್ಲಿ ಹೊರೇಸ್ ವೆಲ್ಸ್ ಅಂತ ಒಬ್ಬ ಹಲ್ಲಿನ ಡಾಕ್ಟರ್ ಇದ್ದ. 1844ರ ಡಿಸೆಂಬರಿನಲ್ಲಿ ನಗೆ ಅನಿಲದ ತಮಾಷೆ ಪ್ರದರ್ಶನ ನೋಡಲು ಹೋದ. ಅಲ್ಲಿ ಅನಿಲ ಎಳೆದುಕೊಂಡವನೊಬ್ಬ ಕಾಲಿಗೆ ಪೆಟ್ಟು ಮಾಡಿಕೊಂಡರೂ ಅದರ ಅರಿವೇ ಇಲ್ಲದೆ ಕೂತಿದ್ದ. ಮರುದಿನವೇ, ಅಂದರೆ ಡಿಸೆಂಬರ್ 11ರಂದು, ವೆಲ್ಸ್ ತಾನೇ ಅನಿಲ ಎಳೆದುಕೊಂಡು ರಿಗ್ಸ್ ಎಂಬ ಡಾಕ್ಟರ್ ಕೈಲಿ ತನ್ನ ಬುದ್ಧಿ ಹಲ್ಲು ಕೀಳಿಸಿಕೊಂಡ. ನೋವಾಗಲಿಲ್ಲ. ಆದರೆ ಮುಂದಿನ ತಿಂಗಳು ಬೋಸ್ಟನ್‌ನಲ್ಲಿ ಇದನ್ನೇ ತೋರಿಸಲು ಹೋದಾಗ ರೋಗಿ ಕೂಗಿಬಿಟ್ಟ, ನೆರೆದವರು ಗೇಲಿ ಮಾಡಿದರು. 1846ರಲ್ಲಿ ಈಥರ್‌ನಿಂದ ಅದೇ ಊರಲ್ಲಿ ಹೆಸರು ಗಳಿಸಿದ್ದು ವೆಲ್ಸ್‌ನ ಹಳೇ ಜೊತೆಗಾರ ಮಾರ್ಟನ್. ವೆಲ್ಸ್ 1848ರಲ್ಲಿ ಜೈಲಿನಲ್ಲಿ ಪ್ರಾಣ ಕಳೆದುಕೊಂಡ. ಪಾಪ.

ಇಡೀ ಮನುಷ್ಯನನ್ನು ಮಲಗಿಸದೆ ದವಡೆಯಷ್ಟನ್ನೇ ಮರಗಟ್ಟಿಸುವ ವಿದ್ಯೆ ಬಂದಿದ್ದು 1884ರ ನಂತರ. ಆ ವರ್ಷ ಕೊಲ್ಲರ್ ಎಂಬಾತ ಕೊಕೇನ್ ಹನಿ ಹಾಕಿ ಕಣ್ಣು ಮರಗಟ್ಟಿಸಿದ. ನ್ಯೂಯಾರ್ಕಿನ ಹಾಲ್‌ಸ್ಟೆಡ್ ಮತ್ತು ಸಂಗಡಿಗರು ಅದನ್ನೇ ದವಡೆಯ ನರದ ಬುಡಕ್ಕೆ ಚುಚ್ಚಿ ನೋಡಿದರು. ತಮ್ಮ ಮೇಲೇ ಪ್ರಯೋಗ ಮಾಡಿಕೊಳ್ಳುತ್ತಾ ಹಾಲ್‌ಸ್ಟೆಡ್ ಕೊಕೇನ್ ಚಟಕ್ಕೆ ಬಿದ್ದರು. ಆಮೇಲೆ ಪ್ರೊಕೇನ್, 1943ರಲ್ಲಿ ಸ್ವೀಡನ್ನಿನ ಲೋಫ್‌ಗ್ರೆನ್ ತಯಾರಿಸಿದ ಲಿಡೊಕೇನ್. ನಮ್ಮಲ್ಲಿ ಲಿಗ್ನೊಕೇನ್ ಅನ್ನುತ್ತಾರಲ್ಲ, ಅದೇ.

ಇದೆಲ್ಲ ಹಲ್ಲು ಕೀಳುವ ಹೊತ್ತಿನ ಮಾತಾಯಿತು. ಆಮೇಲಿನ ಮೂರು ದಿನ?

ಬಳ್ಳಾರಿಯಲ್ಲಿ ನಾನು ಅಡ್ಡಡ್ಡ ಮಲಗಿದ್ದ ಕೆಳಗಿನ ಬುದ್ಧಿ ಹಲ್ಲು ತೆಗೆಸಿಕೊಂಡಾಗ ಈ ಪ್ರಶ್ನೆ ಎದ್ದಿತು. ಕೆನ್ನೆ ಬೋಂಡಾ ಥರ ಊದಿತ್ತು :-) ಕುರುಗೋಡಿನ ಅತ್ತೆ ಫೋನಿನಲ್ಲೇ, "ಉಪ್ಪು ಹುರಿದು ಬಟ್ಟೇಲಿ ಕಟ್ಟಿ ಕಾಸ್ಕಳಪ್ಪ, ಬಾವು ಇಳೀತೈತಿ" ಅಂದರು. ಸಿರುಗುಪ್ಪದ ದೊಡ್ಡಪ್ಪ ಲವಂಗ ಅಂದರು. ಡಾಕ್ಟರ್ ಬರೆದುಕೊಟ್ಟಿದ್ದು ಐಸ್. ಒಬ್ಬರು ಬಿಸಿ ಅಂತಾರೆ, ಇನ್ನೊಬ್ಬರು ತಣ್ಣಗೆ ಅಂತಾರೆ!

ನನ್ನ ಊಹೆ ಹೀಗಿದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು. ಆ ಮದ್ರಾಸಿಗೆ 1840ರ ದಶಕದಿಂದಲೇ ಅಮೆರಿಕದ ಕೆರೆಗಳ ಮಂಜುಗಡ್ಡೆ ಹಡಗಿನಲ್ಲಿ ಬರುತ್ತಿತ್ತು. ಅದನ್ನು ಕೂಡಿಡುತ್ತಿದ್ದ ಐಸ್ ಹೌಸ್ ಕಟ್ಟಡ ಈಗ ವಿವೇಕಾನಂದರ ಸ್ಮಾರಕ. ಅದು ದೊರೆಗಳ ಗ್ಲಾಸಿಗೆ ಬಂದ ಐಸು, ಕುರುಗೋಡಿನ ರೈತನ ಕೆನ್ನೆಗಲ್ಲ. ನಮ್ಮ ಅಡುಗೆಮನೆಯಲ್ಲಿ ಯಾವಾಗಲೂ ಇದ್ದದ್ದು ಒಲೆ ಮತ್ತು ಉಪ್ಪು. ಹಾಗಾಗಿ ಔಷಧವೂ ಅದೇ ಆಯಿತು. ಅತ್ತೆಯ ಮಾತು ಪೂರ್ತಿ ಸುಳ್ಳೇನಲ್ಲ, ಹೊತ್ತು ಮಾತ್ರ ಬೇರೆ. ಮೊದಲ ದಿನ ಶಾಖ ಕೊಟ್ಟರೆ ರಕ್ತ ಸೋರುವುದು ಹೆಚ್ಚಬಹುದು. ಎರಡು ದಿನ ಕಳೆದ ಮೇಲೆ, ಬಾಯಿ ಬಿಗಿದಿದ್ದರೆ, ಹದ ಬಿಸಿ ಹಿತ ಕೊಡುತ್ತದೆ. ಅಂದ ಹಾಗೆ, ಐಸಿನ ಪರವಾಗಿರುವ ಪುರಾವೆಯೂ ಅಂಥಾ ಗಟ್ಟಿಯಲ್ಲ. ಹಿತವಾಗಿದೆ, ಅಗ್ಗವಾಗಿದೆ, ಅಷ್ಟೇ. ಬಟ್ಟೆ ಸುತ್ತಿ ಹದಿನೈದಿಪ್ಪತ್ತು ನಿಮಿಷ ಇಡಬೇಕು, ಬಿಡಬೇಕು. ಬಾವು ಎರಡನೇ ಮೂರನೇ ದಿನಕ್ಕೆ ಏರಿ ಆಮೇಲೆ ಇಳಿಯುವುದು ಸಹಜ. ಮೂರನೇ ದಿನ ಕನ್ನಡಿ ನೋಡಿ ಗಾಬರಿಯಾಗುವವರಿಗೆ ಇದನ್ನು ಮೊದಲೇ ಹೇಳಿದರೆ ಅರ್ಧ ನೋವು ಕಡಿಮೆ.

ಗುಳಿಗೆಯ ಕಥೆ ಇನ್ನೂ ಸ್ವಾರಸ್ಯ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಸ್ಟುವರ್ಟ್ ಆಡಮ್ಸ್ ಮತ್ತು ಜಾನ್ ನಿಕಲ್ಸನ್ ಸಂಧಿವಾತಕ್ಕೆಂದು ಐಬುಪ್ರೊಫೆನ್ ಕಂಡುಹಿಡಿದರು; 1969ರಲ್ಲಿ ಬಳಕೆಗೆ ಬಂತು. ಅದು ಹೇಗೆ ಕೆಲಸ ಮಾಡುತ್ತದೆ ಅನ್ನೋದರ ಸುಳಿವು ಸಿಕ್ಕಿದ್ದು 1971ರಲ್ಲಿ, ಜಾನ್ ವೇನ್ ಆಸ್ಪಿರಿನ್ನಿನ ಗುಟ್ಟು ಬಿಡಿಸಿದಾಗ: ಗಾಯವಾದ ಜಾಗದಲ್ಲಿ ಹುಟ್ಟುವ ಪ್ರೊಸ್ಟಗ್ಲಾಂಡಿನ್‌ಗಳು ನೋವನ್ನೂ ಬಾವನ್ನೂ ಒಟ್ಟಿಗೇ ಹೆಚ್ಚಿಸುತ್ತವೆ, ಇವು ಅದನ್ನೇ ತಡೆಯುತ್ತವೆ. 1970ರ ದಶಕದಿಂದ ಹೊಸ ನೋವಿನ ಮಾತ್ರೆಗಳನ್ನು ಪರೀಕ್ಷಿಸಲು ಸಂಶೋಧಕರು ಆರಿಸಿಕೊಂಡಿದ್ದೂ ಬುದ್ಧಿ ಹಲ್ಲು ತೆಗೆಸಿಕೊಂಡವರನ್ನೇ. ಯಾಕೆ? ಹೆಚ್ಚಿನವರು ಆರೋಗ್ಯವಂತ ಹರೆಯದವರು, ಗಾಯ ಎಲ್ಲರಿಗೂ ಸುಮಾರು ಒಂದೇ ಥರ, ಮರಗಟ್ಟಿದ್ದು ಬಿಟ್ಟೊಡನೆ ನೋವು ಖಚಿತ. ತಲೆನೋವಿಗೆ, ಬೆನ್ನುನೋವಿಗೆ ನಾವು ನುಂಗುವ ಎಷ್ಟೋ ಗುಳಿಗೆ ಯಾರದೋ ಕಿತ್ತ ಬುದ್ಧಿ ಹಲ್ಲಿನ ಋಣ! 2013ರ ಕಾಕ್ರೇನ್ ಪರಿಶೀಲನೆಯೂ ಈ ನೋವಿಗೆ ಪ್ಯಾರಸಿಟಮಾಲ್‌ಗಿಂತ ಐಬುಪ್ರೊಫೆನ್ ಮೇಲು ಎಂದಿತು. ಎರಡೂ ಸೇರಿದರೆ ಇನ್ನೂ ವಾಸಿ. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರಿಗೆ ಹೇಳದೆ ನುಂಗಬಾರದು. ಬಾವು ಜೋರಾಗುವ ಲಕ್ಷಣವಿದ್ದರೆ ಡಾಕ್ಟರ್ ಡೆಕ್ಸಾಮೆಥಾಸೋನ್ ಕೊಡುವುದೂ ಉಂಟು.

ನಮ್ಮವರಿಗೆ ಇದೆಲ್ಲ ಹೊಸದೇನಲ್ಲ. ದವಡೆಯ ಕೊನೆ ಹಲ್ಲಿನ ಹತ್ತಿರ ಭಾರೀ ಬಾವು, ಭಾರೀ ನೋವು, ಜೊಲ್ಲು ಸುರಿಯುವ ಕಾಯಿಲೆಯನ್ನು ಸುಶ್ರುತ ಸಂಹಿತೆ 'ಅಧಿಮಾಂಸ' ಎಂದು ಹೆಸರಿಟ್ಟು ಕರೆದಿದೆ. ಹೆಚ್ಚಿದ ಮಾಂಸ ಕತ್ತರಿಸಿ, ಜೇನಿನಲ್ಲಿ ಕಲಸಿದ ಚೂರ್ಣ ಹಚ್ಚಲು ಹೇಳುತ್ತದೆ.

ದೊಡ್ಡಪ್ಪ ಕೇಳಿದ್ದರು, "ನಮ್ಮ ತೆಕ್ಕಲಕೋಟೆ ಗುಡ್ಡದಾಗ ಕಲ್ಲಿನ ಕೊಡ್ಲಿ ಹಿಡ್ಕೊಂಡು ಇದ್ರಲ್ಲ, ಅವ್ರಿಗೂ ಈ ಹಲ್ಲು ಕಾಡ್ತಿತ್ತಾ?" ಒಳ್ಳೆ ಪ್ರಶ್ನೆ. ಸಿರುಗುಪ್ಪ ತಾಲೂಕಿನ ಆ ಊರಲ್ಲಿ 1960ರ ದಶಕದಲ್ಲಿ ಉತ್ಖನನ ನಡೆದು ನವಶಿಲಾಯುಗದ ನೆಲೆ ಸಿಕ್ಕಿತು. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಬಂಡೆಗಳ ಮೇಲೆ ಅವರು ಅರೆದು ಅರೆದು ಮಾಡಿದ ಕುಳಿಗಳನ್ನು ಈಗಲೂ ನೋಡಬಹುದು. ಗಟ್ಟಿ ತಿಂಡಿ ಅಗಿದು ಬೆಳೆದ ದವಡೆ ಅಗಲವಾಗುತ್ತದೆ, ಮೆತ್ತನೆ ಅನ್ನದ ದವಡೆಯಲ್ಲಿ ಕೊನೆ ಹಲ್ಲಿಗೆ ಜಾಗ ಸಾಲದು ಅನ್ನೋದು ಹಲವು ಸಂಶೋಧಕರ ವಾದ. ತುಂಗಭದ್ರೆಯ ನೀರು ಬಂದ ಮೇಲೆ ಸಿರುಗುಪ್ಪ ಭತ್ತದ ನಾಡಾಯಿತಲ್ಲ, ಇದನ್ನು ಹೇಳಿದಾಗ ದೊಡ್ಡಪ್ಪ, "ಹಂಗಾದ್ರೆ ಸಜ್ಜೆ ರೊಟ್ಟಿ ತಿನ್ನು" ಅಂತ ಫೋನ್ ಇಟ್ಟರು.